ಅಳತೆ ಮೀರಿದ ಕೊಳಲು

ಲೋಕದ ವಾದ್ಯಗಳು ಬಗೆಬಗೆಯಾಗಿ ಹೆಸರು ಪಡೆದಿವೆ. ಕೆಲವಕ್ಕೆ ಅವುಗಳ ನಾದದಿಂದ, ಕೆಲವಕ್ಕೆ ಆಕಾರದಿಂದ, ಕೆಲವಕ್ಕೆ ಅವು ಹುಟ್ಟಿದ ಮರದಿಂದ ಹೆಸರು ಬಂದಿದೆ. ನಮ್ಮ ಕೊಳಲಿಗೆ ವೇಣುವೆಂಬ ಹೆಸರುಂಟು, ವೇಣುವೆಂದರೆ ಬಿದಿರು. ಆದರೆ ಜಪಾನ್ ದೇಶದ ಒಂದು ಕೊಳಲಿಗೆ ಅದರ ಉದ್ದವೇ ಹೆಸರಾಗಿ ನಿಂತಿದೆ. ಅದು ಶಾಕುಹಾಚಿ. ‘ಶಾಕು’ ಎಂಬುದು ಜಪಾನಿನ ಹಳೆಯ ಅಳತೆ. ಹೆಚ್ಚು ಕಡಿಮೆ ನಮ್ಮ ಒಂದು ಅಡಿಯಷ್ಟು, ಎಂದರೆ 30.3 ಸೆಂಟಿಮೀಟರು. ಅದರ ಹತ್ತನೆಯ ಒಂದು ಭಾಗಕ್ಕೆ ‘ಸುನ್’ ಎಂದು ಹೆಸರು. ‘ಹಾಚಿ’ ಎಂದರೆ ಎಂಟು. ಒಂದು ಶಾಕು ಎಂಟು ಸುನ್ ಉದ್ದವುಳ್ಳದ್ದು ಶಾಕುಹಾಚಿ. ನಮ್ಮ ಲೆಕ್ಕದಲ್ಲಿ ಸುಮಾರು 54.5 ಸೆಂಟಿಮೀಟರು.

ಹೀಗೆ ಹೆಸರಿನಲ್ಲಿಯೇ ಅಳತೆಯನ್ನು ಹೊತ್ತ ಈ ಕೊಳಲು ಯಾವಾಗಲೂ ಆ ಅಳತೆಗೆ ಕಟ್ಟುಬಿದ್ದಿಲ್ಲವೆಂಬುದು ಸೋಜಿಗದ ಸಂಗತಿ. ಎರಡು ಶಾಕು ನಾಲ್ಕು ಸುನ್, ಮೂರು ಶಾಕು, ಅದಕ್ಕೂ ಮಿಗಿಲಾದ ಉದ್ದದ ಕೊಳಲುಗಳನ್ನು ಮಾಡುವವರಿದ್ದಾರೆ. ಅವನ್ನು ನುಡಿಸುವವರೂ ಇದ್ದಾರೆ. ಇಂಥ ಉದ್ದನೆಯ ಕೊಳಲುಗಳಿಗೆ ‘ಚೋಕನ್’, ಎಂದರೆ ನೀಳವಾದ ನಳಿಗೆ, ಎಂದು ಹೆಸರು. ಅವುಗಳನ್ನು ಮಾಡುವುದು ಕಷ್ಟ, ನುಡಿಸುವುದು ಇನ್ನೂ ಕಷ್ಟ. ಆದರೂ ಜನ ಅವುಗಳಿಗೆ ಮನಸೋತದ್ದೇಕೆ ಎಂಬುದನ್ನು ತಿಳಿಯಬೇಕಾದರೆ ಮೊದಲು ಆ ವಾದ್ಯದ ಸ್ವರೂಪವನ್ನೂ ಅದು ನಡೆದುಬಂದ ದಾರಿಯನ್ನೂ ಅರಿಯಬೇಕು.

ಶಾಕುಹಾಚಿಯನ್ನು ನಮ್ಮ ಕೊಳಲಿನಂತೆ ಅಡ್ಡಲಾಗಿ ಹಿಡಿಯುವುದಿಲ್ಲ. ನಾಗಸ್ವರದಂತೆ ಕೆಳಮುಖವಾಗಿ ಹಿಡಿಯುತ್ತಾರೆ. ಆದರೆ ನಾಗಸ್ವರಕ್ಕಿರುವಂತೆ ಇದಕ್ಕೆ ಪೀಪಿಯಿಲ್ಲ. ನಳಿಗೆಯ ಎರಡು ತುದಿಗಳೂ ಬಯಲು. ಮೇಲಿನ ತುದಿಯ ಅಂಚನ್ನು ಹೊರಮುಖವಾಗಿ ಓರೆಗೆ ಸೀಳಿ ಹರಿತಗೊಳಿಸಿರುತ್ತಾರೆ. ತುಟಿಯಿಂದ ಹೊರಟ ಉಸಿರಿನ ತೆಳುವಾದ ಧಾರೆ ಆ ಅಂಚಿಗೆ ತಾಗಿ ಒಳಗೂ ಹೊರಗೂ ಸೀಳಿದಾಗ ನಳಿಗೆಯೊಳಗಣ ಗಾಳಿ ಕಂಪಿಸಿ ನಾದ ಹುಟ್ಟುತ್ತದೆ. ಬರಿಯ ಸೀಸೆಯ ಬಾಯಿಗೆ ತುಟಿಯೊಡ್ಡಿ ಊದಿ ನೋಡಿದ ಮಕ್ಕಳೆಲ್ಲರೂ ಈ ತತ್ತ್ವವನ್ನು ಅರಿಯದೆಯೇ ಬಳಸಿದ್ದಾರೆ. ಮುಂಭಾಗದಲ್ಲಿ ನಾಲ್ಕು ರಂಧ್ರಗಳು, ಹೆಬ್ಬೆರಳಿಗೆಂದು ಹಿಂಭಾಗದಲ್ಲಿ ಒಂದು. ಒಟ್ಟು ಐದೇ ರಂಧ್ರಗಳು. ಉಳಿದ ಸ್ವರಗಳನ್ನು ರಂಧ್ರವನ್ನು ಅರೆಯಾಗಿ ಮುಚ್ಚಿ, ಗಲ್ಲವನ್ನು ತಗ್ಗಿಸಿ ಎತ್ತಿ, ತಲೆಯನ್ನು ತೂಗಿ ಪಡೆಯಬೇಕು. ಸಾಧನ ಸರಳವಾದಷ್ಟೂ ಸಾಧಕನ ಹೊಣೆ ಹೆಚ್ಚು ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಈ ವಾದ್ಯದ ಪೂರ್ವರೂಪ ಚೀನಾದಿಂದ ಜಪಾನಿಗೆ ಬಂದಿತು. ನಾರಾ ನಗರದ ಶೋಸೊಇನ್ ಎಂಬ ಪ್ರಾಚೀನ ಭಂಡಾರದಲ್ಲಿ ಎಂಟನೆಯ ಶತಮಾನದ ಎಂಟು ಶಾಕುಹಾಚಿಗಳನ್ನು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಬಿದಿರಿನವು ಮಾತ್ರವಲ್ಲ, ಕಲ್ಲಿನಲ್ಲಿ, ದಂತದಲ್ಲಿ ಕಡೆದವೂ ಅವುಗಳಲ್ಲಿವೆ. ಆದರೆ ಅವಕ್ಕೆ ಆರು ರಂಧ್ರಗಳು, ಗಾತ್ರದಲ್ಲಿಯೂ ಚಿಕ್ಕವು. ಆಗ ಅದು ಅರಮನೆಯ ವಾದ್ಯ. ಕಾಲಾನಂತರದಲ್ಲಿ ಅದು ಅರಮನೆಯಿಂದ ಬೀದಿಗಿಳಿಯಿತು. ಬೀದಿಯಿಂದ ಮಠವನ್ನು ಸೇರಿತು.

ಹದಿನೇಳನೆಯ ಶತಮಾನದ ಹೊತ್ತಿಗೆ ಜಪಾನಿನಲ್ಲಿ ‘ಕೊಮುಸೋ’ ಎಂಬ ಭಿಕ್ಷುಗಳ ಒಂದು ವರ್ಗ ಕಾಣಿಸಿಕೊಂಡಿತು. ಕೊಮುಸೋ ಎಂದರೆ ಶೂನ್ಯದ ಭಿಕ್ಷುಗಳೆಂದು ಅರ್ಥ. ಅವರು ಝೆನ್ ಬೌದ್ಧಮತದ ಫುಕೆ ಪಂಥಕ್ಕೆ ಸೇರಿದವರು. ನಮ್ಮ ‘ಧ್ಯಾನ’ ಎಂಬ ಶಬ್ದವೇ ಚೀನಾದಲ್ಲಿ ‘ಛಾನ್’ ಆಗಿ, ಜಪಾನಿನಲ್ಲಿ ‘ಝೆನ್’ ಆಯಿತೆಂಬುದನ್ನು ಇಲ್ಲಿ ನೆನೆಯಬಹುದು. ಈ ಭಿಕ್ಷುಗಳು ಕತ್ತಿನವರೆಗೆ ಮುಖವನ್ನು ಮುಚ್ಚುವ, ಬುಟ್ಟಿಯಂತಹ ಹುಲ್ಲಿನ ಟೋಪಿಯನ್ನು ಧರಿಸಿ, ಶಾಕುಹಾಚಿಯನ್ನು ಊದುತ್ತ ಊರಿಂದೂರಿಗೆ ನಡೆದು ಭಿಕ್ಷೆ ಪಡೆಯುತ್ತಿದ್ದರು. ಅವರ ಪಾಲಿಗೆ ಕೊಳಲು ಮನರಂಜನೆಯ ಸಾಧನವಾಗಿರಲಿಲ್ಲ. ಕುಳಿತು ಧ್ಯಾನಿಸುವುದು ಹೇಗೋ ಹಾಗೆ ಊದಿ ಧ್ಯಾನಿಸುವುದು. ಒಂದು ಉಸಿರಿಗೆ ಒಂದು ನಾದ. ಆ ನಾದ ಅಡಗಿದ ಮೇಲಿನ ಮೌನ. ಮತ್ತೆ ಇನ್ನೊಂದು ಉಸಿರು. ಅವರ ರಚನೆಗಳಲ್ಲಿ ತಾಳದ ಕಟ್ಟಿಲ್ಲ. ಉಸಿರಿನ ಉದ್ದವೇ ಅವುಗಳ ಅಳತೆ. ಹದಿನೆಂಟನೆಯ ಶತಮಾನದಲ್ಲಿ ಕುರೊಸಾವ ಕಿಂಕೊ ಎಂಬಾತ ಮಠಗಳಲ್ಲಿ ಬಳಕೆಯಲ್ಲಿದ್ದ ಇಂತಹ ರಚನೆಗಳನ್ನು ಸಂಗ್ರಹಿಸಿ ವ್ಯವಸ್ಥೆಗೊಳಿಸಿದನು. ಆತನ ಹೆಸರಿನ ಪರಂಪರೆ ಇಂದಿಗೂ ನಡೆದಿದೆ.

1871ರಲ್ಲಿ ಹೊಸ ಮೇಜಿ ಸರ್ಕಾರವು ಫುಕೆ ಪಂಥವನ್ನೇ ರದ್ದುಗೊಳಿಸಿತು. ಭಿಕ್ಷುಗಳು ತಮ್ಮ ಮಠಗಳನ್ನೂ ವಿಶೇಷ ಹಕ್ಕುಗಳನ್ನೂ ಕಳೆದುಕೊಂಡರು. ಕೊಳಲು ಉಳಿಯಬೇಕಾದರೆ ಹೊಸ ನೆಲೆಯನ್ನು ಹುಡುಕಿಕೊಳ್ಳಬೇಕಾಗಿತ್ತು. ಅದು ಸಂಗೀತ ಸಭೆಯಲ್ಲಿ ಆ ನೆಲೆಯನ್ನು ಕಂಡುಕೊಂಡಿತು. ಕೋತೊ, ಶಾಮಿಸೆನ್ ಎಂಬ ತಂತಿವಾದ್ಯಗಳೊಡನೆ ಕೂಡಿ ನುಡಿಯುವುದು ಅದರ ಮುಖ್ಯ ವೃತ್ತಿಯಾಯಿತು. 1896ರಲ್ಲಿ ನಕಾವೊ ತೋಜಾನ್ ಎಂಬಾತ ಹೊಸದೊಂದು ಪರಂಪರೆಯನ್ನೇ ಸ್ಥಾಪಿಸಿ, ಹೊಸ ಸಂಗೀತಕ್ಕೆ ಕೊಳಲನ್ನು ಅಣಿಗೊಳಿಸಿದನು.

ಆದರೆ ಕೂಡಿ ನುಡಿಯುವುದಕ್ಕೆ ಒಂದು ನಿಬಂಧನೆಯುಂಟು. ಶ್ರುತಿ ಹೊಂದಬೇಕು. ತಂತಿಯನ್ನು ಬಿಗಿದೋ ಸಡಿಲಿಸಿಯೋ ಶ್ರುತಿಗೆ ತರಬಹುದು, ಬಿದಿರನ್ನು ಬಿಗಿಯುವಂತಿಲ್ಲ. ಕಾಡಿನಲ್ಲಿ ಬೆಳೆದ ಒಂದೊಂದು ಬಿದಿರಿನ ಒಳಹೊರಗು ಒಂದೊಂದು ಬಗೆ. ಒಂದು ಗೆಣ್ಣಿನ ಬಳಿ ಇಕ್ಕಟ್ಟು, ಮುಂದಿನ ಗೆಣ್ಣಿನ ಬಳಿ ಅಗಲ. ಆ ಏರುಪೇರುಗಳೆಲ್ಲವೂ ಸ್ವರದಲ್ಲಿ ಕಾಣಿಸಿಕೊಳ್ಳುತ್ತವೆ. ಇದಕ್ಕೆ ಕುಶಲಕರ್ಮಿಗಳು ಉಪಾಯವೊಂದನ್ನು ಬಳಸಿದರು. ನುಣುಪಾದ ಮಣ್ಣಿನ ಪುಡಿಯನ್ನು ಉರುಶಿ ಎಂಬ ಮರದ ಹಾಲಿನೊಡನೆ ಕಲಸಿ ಮಾಡಿದ ಹಿಟ್ಟನ್ನು ನಳಿಗೆಯೊಳಗೆ ಬಳಿದು, ಒಣಗಿಸಿ, ತೀಡಿ, ಬೇಕಾದ ಅಳತೆಯ ಒಳಮೈಯನ್ನು ನಿರ್ಮಿಸಿದರು. ಈ ಲೇಪನಕ್ಕೆ ‘ಜಿ’ ಎಂದು ಹೆಸರು. ಇದರಿಂದ ಶ್ರುತಿಶುದ್ಧವಾದ, ಸಭೆಯ ಕೊನೆಯವರೆಗೂ ಕೇಳುವ, ಒಂದರಂತೆ ಇನ್ನೊಂದಿರುವ ಕೊಳಲುಗಳು ಸಾಧ್ಯವಾದವು. ಇದು ದೊಡ್ಡ ಲಾಭವೆಂಬುದರಲ್ಲಿ ಸಂದೇಹವಿಲ್ಲ. ಲೇಪನವಿಲ್ಲದ ಕೊಳಲಿಗೆ ‘ಜಿನಾಶಿ’ ಎನ್ನುತ್ತಾರೆ. ಅದು ನೆರೆಹೊರೆಯ ವಾದ್ಯಗಳೊಡನೆ ಸುಲಭವಾಗಿ ಹೊಂದಲಾರದು. ಆದರೆ ಅದರ ನಾದ ಆ ಬಿದಿರಿನದು ಮಾತ್ರ, ಬೇರೆ ಯಾವುದರದೂ ಅಲ್ಲ.

ಬಿದಿರು ಶ್ರುತಿಗೆ ಮಣಿಯಬೇಕೆ, ನುಡಿಸುವವನು ಬಿದಿರಿಗೆ ಮಣಿಯಬೇಕೆ? ಹಿರಿದಾದ ಕೊಳಲುಗಳ ಕಥೆ ಈ ಪ್ರಶ್ನೆಯಿಂದಲೇ ಹುಟ್ಟುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಎರಡನೆಯ ಪಕ್ಷವನ್ನು ಅತ್ಯಂತ ನಿಷ್ಠುರವಾಗಿ ಹಿಡಿದವನು ವತಾಜುಮಿ ದೋಸೋ. ಆತನ ಜೀವಿತಕಾಲ 1911ರಿಂದ 1992. ಆತ ತನ್ನನ್ನು ಸಂಗೀತಗಾರನೆಂದು ಕರೆದುಕೊಳ್ಳಲು ಒಪ್ಪುತ್ತಿರಲಿಲ್ಲ. ತಾನು ಮಾಡುತ್ತಿದ್ದುದು ಉಸಿರಿನ ಸಾಧನೆ ಎಂಬುದು ಆತನ ನಿಲುವು. ದಿನವೂ ಕೋಲು ಹಿಡಿದು ಅಂಗಸಾಧನೆ ಮಾಡಿ ದೇಹವನ್ನು ಹುರಿಗೊಳಿಸುತ್ತಿದ್ದನು. ಲೇಪನವಾಗಲಿ, ಮೆರುಗಾಗಲಿ ಇಲ್ಲದ, ದಪ್ಪನಾದ, ನೀಳವಾದ ಹಸಿಗೆಲಸದ ಬಿದಿರುಗಳನ್ನು ಆರಿಸಿ ಊದುತ್ತಿದ್ದನು. ಅವನ್ನು ಆತ ಶಾಕುಹಾಚಿ ಎನ್ನದೆ ‘ಹೋಚಿಕು’ ಎಂದು ಕರೆದನು. ಹೋಚಿಕು ಎಂದರೆ ಧರ್ಮದ ಬಿದಿರು. ಹೆಸರಿನಿಂದ ಅಳತೆ ಮಾಯವಾಗಿ ಬಿದಿರು ಮರಳಿ ಬಂದುದನ್ನು ಇಲ್ಲಿ ಗಮನಿಸಬೇಕು.

ಕೊಳಲು ಉದ್ದವಾದರೆ ಆಗುವುದೇನು? ಭೌತವಿಜ್ಞಾನದ ಪಾಠದಲ್ಲಿ ನಾವು ಓದುವ ನಿಯಮವೇ ಇಲ್ಲಿ ಕೆಲಸ ಮಾಡುತ್ತದೆ. ಎರಡೂ ತುದಿ ತೆರೆದ ನಳಿಗೆಯಲ್ಲಿ ಗಾಳಿಯ ಕಂಬ ಎಷ್ಟು ಉದ್ದವೋ ಅಷ್ಟು ನಿಧಾನವಾಗಿ ಕಂಪಿಸುತ್ತದೆ. ಉದ್ದ ಇಮ್ಮಡಿಯಾದರೆ ಕಂಪನದ ಆವೃತ್ತಿ ಅರೆಯಾಗುತ್ತದೆ. ಒಂದು ಶಾಕು ಎಂಟು ಸುನ್ ಉದ್ದದ ಕೊಳಲಿನ ರಂಧ್ರಗಳನ್ನೆಲ್ಲ ಮುಚ್ಚಿ ಊದಿದಾಗ ಬರುವ ಸ್ವರಕ್ಕೆ ‘ರೋ’ ಎಂದು ಹೆಸರು. ಅದು ಸೆಕೆಂಡಿಗೆ ಸುಮಾರು 294 ಕಂಪನಗಳ ಸ್ವರ. ಎರಡು ಶಾಕು ನಾಲ್ಕು ಸುನ್ ಕೊಳಲಿನಲ್ಲಿ ಅದು ಸುಮಾರು 220ಕ್ಕೆ ಇಳಿಯುತ್ತದೆ. ಮೂರು ಶಾಕು ಆರು ಸುನ್, ಎಂದರೆ ಸುಮಾರು 109 ಸೆಂಟಿಮೀಟರು ಉದ್ದದ ಕೊಳಲಿನಲ್ಲಿ 147ಕ್ಕೆ ಇಳಿದು, ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಮಂದ್ರವನ್ನು ಮುಟ್ಟುತ್ತದೆ.

ಉದ್ದ ಮಾತ್ರ ಹೆಚ್ಚಿದರೆ ಸಾಲದು. ನೀಳವಾಗಿಯೂ ಕಿರಿದಾಗಿಯೂ ಇರುವ ನಳಿಗೆಯಲ್ಲಿ ಮೇಲಿನ ಸ್ವರಗಳು ಬೇಗನೆ ಹೊಮ್ಮುತ್ತವೆ, ಮೂಲಸ್ವರ ಸೊರಗುತ್ತದೆ. ತಳದ ಮಂದ್ರಸ್ವರ ತುಂಬಿ ಬರಬೇಕಾದರೆ ಒಳಗಿನ ಹರಹೂ ಹಿರಿದಾಗಬೇಕು. ಆದರೆ ಹರಹು ಹೆಚ್ಚಿದಂತೆಲ್ಲ ಮೇಲಿನ ಸ್ಥಾಯಿಯ ಸ್ವರಗಳು ಕೈಗೆ ಸಿಗದೆ ಜಾರುತ್ತವೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು. ಹಿರಿಯ ಕೊಳಲಿನ ತಯಾರಕನು ಮೊದಲಿಗೆ ಮಾಡಬೇಕಾದ ನಿರ್ಧಾರವೇ ಇದು. ತಾರಸ್ಥಾಯಿಯ ಚಾಪಲ್ಯವನ್ನು ತೊರೆದು ಮಂದ್ರದ ಗಾಂಭೀರ್ಯವನ್ನು ಆತ ಆರಿಸಿಕೊಳ್ಳುತ್ತಾನೆ.

ಕೊಳಲು ಮಾಡುವ ಕೆಲಸ ಕಾಡಿನಲ್ಲಿಯೇ ಆರಂಭವಾಗುತ್ತದೆ. ಇದಕ್ಕೆ ಬೇಕಾದುದು ‘ಮದಾಕೆ’ ಎಂಬ ಜಾತಿಯ ಬಿದಿರು. ಬಿದಿರು ಹುಲ್ಲಿನ ಕುಲಕ್ಕೆ ಸೇರಿದ ಸಸ್ಯ. ಮರದಂತೆ ವರ್ಷವರ್ಷವೂ ದಪ್ಪವಾಗುವುದಿಲ್ಲ. ನೆಲದಿಂದ ಮೊಳೆತಾಗ ಯಾವ ದಪ್ಪವೋ ಕೊನೆಯವರೆಗೂ ಅದೇ ದಪ್ಪ. ವರ್ಷಗಳು ಅದನ್ನು ಗಟ್ಟಿಗೊಳಿಸುತ್ತವೆಯೇ ಹೊರತು ಹಿಗ್ಗಿಸುವುದಿಲ್ಲ. ಆದುದರಿಂದ ದೊಡ್ಡ ಕೊಳಲಿಗೆ ತಕ್ಕ ಬಿದಿರನ್ನು ಬೆಳೆಸಿ ಪಡೆಯುವಂತಿಲ್ಲ, ಹುಡುಕಿ ಪಡೆಯಬೇಕು. ಗೆಣ್ಣುಗಳ ನಡುವಣ ಅಂತರ, ಒಳಗಿನ ಹರಹು, ಗೋಡೆಯ ದಪ್ಪ, ಬುಡದ ಬಾಗು ಇವೆಲ್ಲ ಹೊಂದಿದ ಬಿದಿರು ಇಡಿಯ ತೋಪಿನಲ್ಲಿ ಅಪರೂಪ. ಮದಾಕೆಗೆ ಇನ್ನೊಂದು ವಿಚಿತ್ರ ಸ್ವಭಾವವುಂಟು. ಅದು ಸುಮಾರು 120 ವರ್ಷಗಳಿಗೊಮ್ಮೆ ಎಲ್ಲೆಡೆಯೂ ಹೂಬಿಟ್ಟು ಸಾಯುತ್ತದೆ. 1960ರ ದಶಕದಲ್ಲಿ ಜಪಾನಿನ ಮದಾಕೆ ತೋಪುಗಳು ಹೀಗೆ ಹೂಬಿಟ್ಟು ಒಣಗಿದ್ದವು. ಕೊಳಲಿನವನ ಕಸುಬು ಪ್ರಕೃತಿಯ ಇಂತಹ ದೀರ್ಘ ಲೆಕ್ಕಾಚಾರಕ್ಕೂ ಒಳಪಟ್ಟದ್ದು.

ಬಿದಿರನ್ನು ಚಳಿಗಾಲದಲ್ಲಿ, ಅದರೊಳಗಿನ ರಸ ಕಡಿಮೆಯಾಗಿರುವಾಗ ತೆಗೆಯುತ್ತಾರೆ. ಕನಿಷ್ಠ ಮೂರು ವರ್ಷಗಳಾದರೂ ಬಲಿತಿರಬೇಕು. ಕಡಿಯುವುದಲ್ಲ, ಬೇರುಸಹಿತ ಅಗೆದು ತೆಗೆಯಬೇಕು. ಏಕೆಂದರೆ ಕೊಳಲಿನ ಕೆಳತುದಿಯಾಗುವುದು ಆ ಬೇರಿನ ಬುಡವೇ. ಅನಂತರ ಇದ್ದಿಲ ಬೆಂಕಿಯ ಮೇಲೆ ಹೊರಳಿಸಿ ಹೊರಳಿಸಿ ಕಾಯಿಸುತ್ತಾರೆ. ಮೈಯಿಂದ ಜಿನುಗುವ ಎಣ್ಣೆಯನ್ನು ಬಟ್ಟೆಯಿಂದ ಒರೆಸುತ್ತಾರೆ. ಕೆಲವು ವಾರಗಳ ಕಾಲ ಬಿಸಿಲಿನಲ್ಲಿಟ್ಟರೆ ಹಸುರು ಬಣ್ಣ ಮಾಸಿ ಬಿದಿರು ದಂತದ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಂದ ಮುಂದೆ ನೆರಳಿನಲ್ಲಿ ವರ್ಷಗಟ್ಟಲೆ ಇಡಬೇಕು. ಈ ಅವಧಿಯಲ್ಲಿ ಎಷ್ಟೋ ಬಿದಿರುಗಳು ಸೀಳಿಹೋಗುತ್ತವೆ. ದೊಡ್ಡ ಬಿದಿರಿನಲ್ಲಿ ಈ ಭಯ ಹೆಚ್ಚು. ದಪ್ಪ ಗೋಡೆಯ ಹೊರಮೈ ಬೇಗನೆ ಒಣಗಿ ಒಳಮೈ ತಡವಾಗಿ ಒಣಗುವುದರಿಂದ ಅದರೊಳಗೆ ಎಳೆತ ಹುಟ್ಟುತ್ತದೆ. ವರ್ಷಗಳ ಕಾಲ ಕಾದು, ಕೊನೆಗೆ ಒಂದು ಬೆಳಿಗ್ಗೆ ಉದ್ದಕ್ಕೂ ಬಿರುಕು ಕಂಡರೆ ಕುಶಲಕರ್ಮಿ ಯಾರನ್ನು ದೂರಬೇಕು?

ಉಳಿದ ಬಿದಿರನ್ನು ಕಾಯಿಸಿ ಡೊಂಕು ತಿದ್ದುತ್ತಾರೆ. ಗೆಣ್ಣುಗಳೊಳಗಣ ತಡೆಗಳನ್ನು ಒಡೆದು ಬಯಲು ಮಾಡುತ್ತಾರೆ. ಜಿನಾಶಿ ಕೊಳಲಿನಲ್ಲಿ ಈ ತಡೆಗಳ ಅಂಚನ್ನು ಸ್ವಲ್ಪ ಉಳಿಸುವುದುಂಟು. ಅದನ್ನು ಎಲ್ಲಿ ಎಷ್ಟು ತೀಡಬೇಕೆಂಬುದರಲ್ಲಿಯೇ ಕೌಶಲ ಅಡಗಿದೆ. ಊದುವುದು, ಆಲಿಸುವುದು, ಅರದಿಂದ ಒಂದಿಷ್ಟು ತೀಡುವುದು, ಮತ್ತೆ ಊದುವುದು. ತೆಗೆದ ಬಿದಿರನ್ನು ಮರಳಿ ಸೇರಿಸುವಂತಿಲ್ಲ. ಊದುವ ಅಂಚಿಗೆ ಸವೆಯದಂತೆ ಕೋಣದ ಕೊಂಬಿನ ತುಣುಕನ್ನು ಕೂರಿಸುವುದುಂಟು. ಕೊನೆಗೆ ಬೈರಿಗೆಯಿಂದ ರಂಧ್ರಗಳನ್ನು ಕೊರೆಯುತ್ತಾರೆ.

ರಂಧ್ರಗಳ ವಿಷಯಕ್ಕೆ ಬಂದಾಗ ಬಿದಿರಿನ ಜೊತೆಗೆ ಮನುಷ್ಯನ ಅಂಗೈಯೂ ಲೆಕ್ಕಕ್ಕೆ ಬರುತ್ತದೆ. ಹಳೆಯ ಪದ್ಧತಿಯೊಂದರ ಪ್ರಕಾರ ಕೊಳಲಿನ ಉದ್ದವನ್ನು ಹತ್ತು ಪಾಲು ಮಾಡಿ, ಒಂದೊಂದು ಪಾಲಿನ ಅಂತರದಲ್ಲಿ ಮುಂಭಾಗದ ರಂಧ್ರಗಳನ್ನಿಡುತ್ತಿದ್ದರು. ಸಾಧಾರಣ ಕೊಳಲಿನಲ್ಲಿ ಈ ಅಂತರ ಐದೂವರೆ ಸೆಂಟಿಮೀಟರಿನಷ್ಟು. ತೋರುಬೆರಳು ಒಂದು ರಂಧ್ರವನ್ನೂ ಉಂಗುರಬೆರಳು ಇನ್ನೊಂದನ್ನೂ ಮುಚ್ಚುತ್ತವೆ. ನಡುಬೆರಳು ಕೊಳಲನ್ನು ಆತುಕೊಂಡಿರುತ್ತದೆ. ಮೂರು ಶಾಕು ಕೊಳಲಿನಲ್ಲಿ ಅದೇ ಅಂತರ ಒಂಬತ್ತು ಸೆಂಟಿಮೀಟರಾಗುತ್ತದೆ. ಮೂರು ಶಾಕು ಆರು ಸುನ್ ಕೊಳಲಿನಲ್ಲಿ ಹನ್ನೊಂದರ ಸಮೀಪಕ್ಕೆ ಹೋಗುತ್ತದೆ. ಅಳತೆಪಟ್ಟಿಯ ಮೇಲೆ ನಿಮ್ಮ ಬೆರಳುಗಳನ್ನು ಚಾಚಿ ನೋಡಿದರೆ ಇದರ ಕಷ್ಟ ತಾನಾಗಿಯೇ ತಿಳಿಯುವುದು. ಆದುದರಿಂದ ತಯಾರಕರು ದೊಡ್ಡ ಕೊಳಲಿನ ರಂಧ್ರಗಳನ್ನು ನೇರಸಾಲಿನಿಂದ ತುಸು ಪಕ್ಕಕ್ಕೆ ಸರಿಸುತ್ತಾರೆ. ಸ್ವರ ಕೆಡದಷ್ಟು ಹತ್ತಿರಕ್ಕೂ ತರುತ್ತಾರೆ. ನುಡಿಸುವವರು ಬೆರಳಿನ ತುದಿಯನ್ನು ಬಿಟ್ಟು ನಡುಗಿಣ್ಣಿನ ಮಾಂಸಲ ಭಾಗದಿಂದ ರಂಧ್ರವನ್ನು ಮುಚ್ಚುವುದನ್ನು ಕಲಿಯುತ್ತಾರೆ. ಒಂದು ಕೂದಲೆಳೆಯಷ್ಟು ಗಾಳಿ ಸೋರಿದರೂ ಮಂದ್ರಸ್ವರ ನಿಲ್ಲುವುದಿಲ್ಲ.

ಬೆರಳಿನ ಕಷ್ಟಕ್ಕಿಂತ ಉಸಿರಿನ ಕಷ್ಟ ಹಿರಿದು. ದೊಡ್ಡ ನಳಿಗೆಯೊಳಗೆ ದೊಡ್ಡ ಗಾಳಿಕಂಬವಿದೆ; ಅದು ಒಡನೆಯೇ ಎಚ್ಚರಗೊಳ್ಳುವುದಿಲ್ಲ. ಅವಸರದಿಂದ ಬಲವಾಗಿ ಊದಿದರೆ ಸ್ವರ ಮೇಲಿನ ಸ್ಥಾಯಿಗೆ ಹಾರುತ್ತದೆ, ಇಲ್ಲವೆ ಬರಿಯ ಸುಯ್ಯೆಂಬ ಸದ್ದಾಗಿ ಉಳಿಯುತ್ತದೆ. ತುಟಿಯನ್ನು ಸಡಿಲಿಸಿ, ಹೊಟ್ಟೆಯ ತಳದಿಂದ ಉಸಿರನ್ನು ಎತ್ತಿ, ನಿಧಾನವಾಗಿ ಒಪ್ಪಿಸಬೇಕು. ಇದಕ್ಕಾಗಿ ಸಾಧಕರು ಪ್ರತಿದಿನ ಬೆಳಿಗ್ಗೆ ಬೇರೆ ಯಾವ ಸ್ವರವನ್ನೂ ಮುಟ್ಟದೆ ‘ರೋ’ ಒಂದನ್ನೇ ದೀರ್ಘವಾಗಿ ಊದುವ ಅಭ್ಯಾಸ ಮಾಡುತ್ತಾರೆ. ನಮ್ಮ ಸಂಗೀತದ ವಿದ್ಯಾರ್ಥಿಗಳು ಮಂದ್ರ ಷಡ್ಜವನ್ನು ಸಾಧಿಸುವಂತೆಯೇ ಇದು. ತಲೆಯನ್ನು ಸರಿಯಾಗಿ ತೂಗುವುದನ್ನು ಕಲಿಯಲು ಮೂರು ವರ್ಷ ಬೇಕೆಂದು ಜಪಾನಿನಲ್ಲಿ ಗಾದೆಯಂತಹ ಮಾತೊಂದಿದೆ. ದೊಡ್ಡ ಕೊಳಲು ಅವಸರದವನಿಗೆ ಏನನ್ನೂ ಕೊಡುವುದಿಲ್ಲ. ತಾಳ್ಮೆಯುಳ್ಳವನಿಗೆ, ಉಸಿರಿನ ಮರ್ಮರವನ್ನೂ ಬಿದಿರಿನ ಒರಟುತನವನ್ನೂ ಒಳಗೊಂಡ ತುಂಬುನಾದವನ್ನು ಕೊಡುತ್ತದೆ.

ಮಂದ್ರನಾದದ ಈ ಹಂಬಲ ಜಪಾನಿಗೆ ಮಾತ್ರ ಮೀಸಲಾದುದಲ್ಲ. ನಮ್ಮ ದೇಶದಲ್ಲಿ ಪನ್ನಾಲಾಲ್ ಘೋಷರು ಹಿಂದೂಸ್ತಾನಿ ರಾಗದ ವಿಸ್ತಾರವನ್ನು ಕೊಳಲಿನಲ್ಲಿ ತರಲು ಸಣ್ಣ ಬಾನ್ಸುರಿ ಸಾಲದೆಂದು ಕಂಡು, ಸುಮಾರು 32 ಅಂಗುಲ ಉದ್ದದ ಹಿರಿಯ ಕೊಳಲನ್ನು ರೂಪಿಸಿದರು. ಅವರ ಜೀವಿತಕಾಲ 1911ರಿಂದ 1960. ದೇಶ ಬೇರೆ, ಸಂಗೀತ ಬೇರೆ, ಕೊಳಲನ್ನು ಹಿಡಿಯುವ ರೀತಿಯೂ ಬೇರೆ. ಆದರೂ ಅದೇ ಶತಮಾನದಲ್ಲಿ, ಅದೇ 1911ರಲ್ಲಿ ಹುಟ್ಟಿದ ಇಬ್ಬರು ನೀಳವಾದ ಬಿದಿರನ್ನು ಕೈಗೆತ್ತಿಕೊಂಡರೆಂಬುದು ಕುತೂಹಲಕರ.

ವತಾಜುಮಿಯ ಶಿಷ್ಯರಲ್ಲಿ ಯೊಕೊಯಾಮ ಕತ್ಸುಯ ಪ್ರಮುಖರು. 1967ರ ನವೆಂಬರಿನಲ್ಲಿ ಅವರು ನ್ಯೂಯಾರ್ಕ್ ನಗರದ ದೊಡ್ಡ ವಾದ್ಯವೃಂದದೊಡನೆ ಶಾಕುಹಾಚಿಯನ್ನು ನುಡಿಸಿದರು. ತಾಕೆಮಿತ್ಸು ತೋರು ಅವರ ಆ ರಚನೆಯಲ್ಲಿ ಪಶ್ಚಿಮದ ವಾದ್ಯಗಳನ್ನೂ ಜಪಾನಿನ ವಾದ್ಯಗಳನ್ನೂ ಬಲವಂತವಾಗಿ ಒಂದುಗೂಡಿಸಿಲ್ಲ. ಒಂದರ ಎದುರು ಇನ್ನೊಂದನ್ನು ಅದರದರ ಸ್ವಭಾವದಲ್ಲಿಯೇ ನಿಲ್ಲಿಸಿದ್ದಾರೆ. ಹತ್ತು ವರ್ಷಗಳ ಬಳಿಕ, 1977ರಲ್ಲಿ, ವಾಯೇಜರ್ ನೌಕೆಗಳು ಅಂತರಿಕ್ಷಕ್ಕೆ ಹೊರಟಾಗ ಅವುಗಳಲ್ಲಿಟ್ಟ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ ಯಾಮಾಗುಚಿ ಗೋರೋ ಅವರ ಶಾಕುಹಾಚಿ ವಾದನವೂ ಸೇರಿತು. ಗೂಡಿನಲ್ಲಿ ಮರಿಗಳನ್ನು ಸಾಕುವ ಕೊಕ್ಕರೆಗಳನ್ನು ಕುರಿತ ರಚನೆ ಅದು. ಅದೇ ಮುದ್ರಿಕೆಯಲ್ಲಿ ನಮ್ಮ ಕೇಸರಬಾಯಿ ಕೇರ್ಕರರ ಗಾಯನವೂ ಇದೆ. ಯಾಮಾಗುಚಿಯವರದು ಕಿಂಕೊ ಪರಂಪರೆ; ಯೊಕೊಯಾಮ ಅವರು ಕಲಿತದ್ದು ಒರಟು ಬಿದಿರಿನ ಗುರುವಿನಿಂದ. ಒಪ್ಪಗೊಳಿಸಿದ ಕೊಳಲೂ ಒರಟು ಕೊಳಲೂ ಲೋಕಕ್ಕೆ ಬೇಕಾದವೇ ಎಂಬುದಕ್ಕೆ ಈ ಎರಡು ಪ್ರಸಂಗಗಳು ಸಾಕ್ಷಿ.

ಇಂದು ಜಪಾನಿನಲ್ಲಿ ಮಾತ್ರವಲ್ಲದೆ ಅಮೆರಿಕ, ಯೂರೋಪ್, ಆಸ್ಟ್ರೇಲಿಯಗಳಲ್ಲಿಯೂ ಈ ಹಿರಿಯ ಕೊಳಲುಗಳನ್ನು ಮಾಡುವವರೂ ನುಡಿಸುವವರೂ ಇದ್ದಾರೆ. ಒಣಹವೆಯ ನಾಡುಗಳಲ್ಲಿ ಬಿದಿರು ಬೇಗನೆ ಸೀಳುವುದರಿಂದ ಅದನ್ನು ತೇವ ಆರದಂತೆ ಚೀಲದಲ್ಲಿ ಸುತ್ತಿ, ಕೂಸನ್ನು ನೋಡಿಕೊಳ್ಳುವಂತೆ ನೋಡಿಕೊಳ್ಳುತ್ತಾರೆ. ಅಷ್ಟಾದರೂ ಕೆಲವೊಮ್ಮೆ ಬಿರುಕು ಬಿಡುತ್ತದೆ. ಹಾಗೆ ಬಿಟ್ಟ ಕೊಳಲನ್ನು ಯಾರೂ ಎಸೆಯುವುದಿಲ್ಲ. ಬಿರುಕಿನ ಉದ್ದಕ್ಕೂ ಅಲ್ಲಲ್ಲಿ ದಾರವನ್ನೋ ಬೆತ್ತದ ಎಳೆಯನ್ನೋ ಬಿಗಿಯಾಗಿ ಸುತ್ತಿ, ಸೀಳಿದ ಬಾಯನ್ನು ಕೂಡಿಸಿ, ಮತ್ತೆ ನುಡಿಸುತ್ತಾರೆ. ಆ ಸುತ್ತುಗಳನ್ನು ಬಣ್ಣ ಬಳಿದು ಮರೆಸಬೇಕೆಂಬ ಹಟವಿಲ್ಲ. ಹಳೆಯ ಕೊಳಲಿನ ಮೈಮೇಲೆ ಅವು ಸಾಲಾಗಿ ಕಾಣುತ್ತಿರುತ್ತವೆ. ಒಳಗೆ ಗಾಳಿ ಸೋರದಂತೆ ಬಿಗಿದರೆ ಸಾಕು. ಮಂದ್ರದ ‘ರೋ’ ಮತ್ತೆ ತುಂಬಿ ನಿಲ್ಲುತ್ತದೆ.